ಭದ್ರತೆ ಬೇರೆ, ಸಮಾಧಾನ ಬೇರೆ

ಚಿಂತೆಯಲ್ಲಿ ಬೇಯುತ್ತಿರುವವರಿಗೆ ‘ಚಿಂತೆ ಮಾಡಬೇಡಿ’ ಎನ್ನುವುದು ಜ್ವರ ಬಂದವರಿಗೆ ‘ಮೈ ಬಿಸಿ ಮಾಡಿಕೊಳ್ಳಬೇಡಿ’ ಎಂದ ಹಾಗೆ. ಹೇಳಿದವರಿಗೆ ಹಗುರ, ಕೇಳಿದವರಿಗೆ ಮತ್ತೊಂದು ಹೊರೆ. ಕ್ರೈಸ್ತರ ಮನೆಗಳಲ್ಲಿ ಈ ಹೊರೆಯ ತೂಕ ಇನ್ನೂ ಸ್ವಲ್ಪ ಹೆಚ್ಚು. ಮಗನ ಕೆಲಸ ಹೋಗಿದೆ, ಸ್ಕ್ಯಾನಿಂಗ್ ರಿಪೋರ್ಟ್ ಇನ್ನೂ ಕೈಸೇರಿಲ್ಲ, ಬ್ಯಾಂಕಿನ ಕಂತು ಬಾಕಿ. ರಾತ್ರಿ ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ಇಂಥವರಿಗೆ ಪ್ರಾರ್ಥನಾ ಕೂಟದಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ನಿಮ್ಮ ವಿಶ್ವಾಸ ಸಾಲದು. ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ನೋಡಿರೆಂದು ಯೇಸು ಬೆಟ್ಟದ ಮೇಲೆ ಮಾಡಿದ ಪ್ರಸಂಗವೇ ಅವರಿಗೆ ಆಧಾರ. ವಿಶ್ವಾಸ ಇದ್ದ ಕಡೆ ಚಿಂತೆ ಇರಲಾರದು, ಚಿಂತೆ ಇದೆಯೆಂದರೆ ವಿಶ್ವಾಸ ಇಲ್ಲ ಎಂಬುದು ಅವರ ಲೆಕ್ಕ. ಈ ಲೆಕ್ಕ ಕ್ರೈಸ್ತ ಧರ್ಮದ ಮೂಲಕಥೆಗೇ ಹೊಂದುವುದಿಲ್ಲ ಎಂಬುದು ನನ್ನ ವಾದ.

ಹಕ್ಕಿ, ಹೂಗಳ ಮಾತಾಡಿದ ಅದೇ ಯೇಸು ಸೆರೆಯಾಗುವ ರಾತ್ರಿ ಗೆತ್ಸೇಮನೆ ತೋಟದಲ್ಲಿ ತಲ್ಲಣಿಸಿದ್ದನ್ನು ಸುವಾರ್ತೆಗಳು ಮುಚ್ಚಿಟ್ಟಿಲ್ಲ. ನಿದ್ದೆಗೆ ಜಾರುತ್ತಿದ್ದ ಶಿಷ್ಯರನ್ನು ಎಚ್ಚರವಾಗಿರುವಂತೆ ಕೇಳಿಕೊಂಡರು. ಒಂದೇ ಪ್ರಾರ್ಥನೆಯನ್ನು ಮೂರು ಬಾರಿ ಮಾಡಿದರು. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬೀಳುತ್ತಿತ್ತೆಂದು ಲೂಕ ಬರೆಯುತ್ತಾನೆ. ಇದನ್ನು ವಿಶ್ವಾಸದ ಕೊರತೆ ಎನ್ನುವ ಧೈರ್ಯ ಯಾವ ಬೋಧಕರಿಗಿದೆ? ಇನ್ನು ಆ ಬೆಟ್ಟದ ಪ್ರಸಂಗವನ್ನೇ ಕೊನೆಯವರೆಗೂ ಓದಿ ನೋಡಿದರೆ, ಕಷ್ಟವೇ ಬರುವುದಿಲ್ಲ ಎಂಬ ಭರವಸೆ ಅಲ್ಲಿಲ್ಲ. ಆಯಾ ದಿನದ ಪಾಡು ಆಯಾ ದಿನಕ್ಕೆ ಬೇಕಾದಷ್ಟಿದೆ, ನಾಳಿನದನ್ನೂ ಇವತ್ತೇ ಹೊರಬೇಡಿ ಎಂಬಷ್ಟೇ ಅದರ ತಾತ್ಪರ್ಯ.

ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಕಾಗದ ಬರೆದ ಪೌಲನೂ ಹೀಗೆಯೇ ಜಾಗರೂಕ. ಬೇಡಿಕೆಗಳನ್ನೆಲ್ಲ ದೇವರ ಮುಂದಿಡಿ ಎನ್ನುತ್ತಾನೆ, ದೇವರ ಶಾಂತಿ ನಿಮ್ಮ ಹೃದಯವನ್ನು ಕಾಯುತ್ತದೆ ಎನ್ನುತ್ತಾನೆ. ಬೇಡಿಕೆ ಈಡೇರುತ್ತದೆ ಎಂದು ಮಾತ್ರ ಅಲ್ಲಿ ಹೇಳುವುದಿಲ್ಲ. ನಮ್ಮ ಭಕ್ತಿ ಸಾಮಾನ್ಯವಾಗಿ ಇದನ್ನು ಗಮನಿಸದೆ ಮುಂದೆ ಹೋಗುತ್ತದೆ. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಬರುವ ಜನಸಾಗರದಲ್ಲಿ ಕ್ರೈಸ್ತರಲ್ಲದವರೂ ಎಷ್ಟೋ ಮಂದಿ. ಮೇಣದಬತ್ತಿ ಹಚ್ಚುತ್ತಾರೆ, ವೀಸಾ, ಮದುವೆ, ಮಗು, ಮನೆ ಎಂದು ಬೇಡಿಕೊಳ್ಳುತ್ತಾರೆ. ಇದನ್ನು ಕೀಳಾಗಿ ಕಾಣುವವನು ನಾನಲ್ಲ. ಮನಸ್ಸಿನಲ್ಲಿ ಗಿರಕಿ ಹೊಡೆಯುವ ಭಯವನ್ನು ಒಬ್ಬರ ಮುಂದೆ ಮಾತಾಗಿಸಿದರೆ ಅದಕ್ಕೊಂದು ಆಕಾರ, ಒಂದು ಅಂಚು ಬರುತ್ತದೆ. ಆದರೆ ಬೇಡಿದ್ದು ಸಿಕ್ಕ ಮೇಲೆ ಬರುವುದು ಸಮಾಧಾನವಲ್ಲ, ಅದು ನಿರಾಳ. ಅದಕ್ಕೆ ವಿಶ್ವಾಸವೇ ಬೇಕೆಂದಿಲ್ಲ, ವೀಸಾ ಸಿಕ್ಕರೆ ನಾಸ್ತಿಕನೂ ನಿರಾಳವಾಗುತ್ತಾನೆ.

ಹಾಗಾದರೆ ಕ್ರೈಸ್ತ ವಿಶ್ವಾಸ ಕೊಡುವ ಸಮಾಧಾನ ಎಂಥದ್ದು? ಇದನ್ನು ಯೋಚಿಸುವಾಗ ನನಗೆ ನೆನಪಾಗುವವರು ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಚ್ ಬೋನ್‌ಹಾಫರ್. 1934ರ ಆಗಸ್ಟ್‌ನಲ್ಲಿ ಡೆನ್ಮಾರ್ಕಿನ ಫಾನೊ ದ್ವೀಪದಲ್ಲಿ ನಡೆದ ಕ್ರೈಸ್ತ ಸಮ್ಮೇಳನದಲ್ಲಿ ಇಪ್ಪತ್ತೆಂಟು ವರ್ಷದ ಈ ತರುಣ, ಶಾಂತಿಯನ್ನೂ ಭದ್ರತೆಯನ್ನೂ ಒಂದೆಂದು ತಿಳಿಯಬಾರದು, ಭದ್ರತೆಗಾಗಿ ಹಟ ಹಿಡಿಯುವುದರಲ್ಲೇ ಅಪನಂಬಿಕೆ ಇದೆ ಎಂದು ವಾದಿಸಿದರು. ಅವರು ಮಾತಾಡಿದ್ದು ದೇಶ ದೇಶಗಳ ನಡುವಿನ ಶಾಂತಿಯ ಬಗ್ಗೆ. ಫಾನೊದಲ್ಲಿ ಹೇಳಿದ್ದು ಒಬ್ಬ ಮನುಷ್ಯನ ಒಳಗಿನ ಶಾಂತಿಗೂ ಸಲ್ಲುತ್ತದೆಯೇ ಎಂಬುದು ಐದು ವರ್ಷಗಳಲ್ಲಿ ಅವರ ಮೇಲೆಯೇ ಪರೀಕ್ಷೆಗೆ ಬಂತು.

1939ರ ಜೂನ್‌ನಲ್ಲಿ ಗೆಳೆಯರು ಅವರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಹಿಟ್ಲರನ ಸೇನೆಗೆ ಸೇರುವ ಒತ್ತಾಯವಿಲ್ಲ, ಅವನ ಗುಪ್ತ ಪೊಲೀಸರಾದ ಗೆಸ್ಟಪೊ ಕಾಟವಿಲ್ಲ, ಇರಲು ಯೂನಿಯನ್ ಥಿಯಾಲಜಿಕಲ್ ಸೆಮಿನರಿಯ ಕೋಣೆ, ಮಾಡಲು ಕೆಲಸ. ಭದ್ರತೆಗೆ ಏನೇನೂ ಕೊರತೆ ಇರಲಿಲ್ಲ. ಅಲ್ಲಿಯೇ ಅವರಿಗೆ ಒಂದು ಗಳಿಗೆಯೂ ನೆಮ್ಮದಿ ಸಿಗಲಿಲ್ಲ ಎಂಬುದಕ್ಕೆ ಅವರ ದಿನಚರಿ ಸಾಕ್ಷಿ. ಊರಿನದೇ ಯೋಚನೆ, ಕಾಗದದ್ದೇ ದಾರಿ ನೋಡುವುದು. ಜೂನ್ 26ರಂದು ಆ ದಿನದ ಬೈಬಲ್ ಓದಿನಲ್ಲಿ, ಚಳಿಗಾಲಕ್ಕೆ ಮೊದಲೇ ಬಂದುಬಿಡು ಎಂಬರ್ಥದಲ್ಲಿ ಪೌಲ ತಿಮೊಥೆಯನಿಗೆ ಬರೆದ ಮಾತು ಕಣ್ಣಿಗೆ ಬಿತ್ತು. ಅದು ದಿನವಿಡೀ ಅವರನ್ನು ಬಿಡಲಿಲ್ಲ. ಅಷ್ಟರಲ್ಲಾಗಲೇ ಅಮೆರಿಕದಲ್ಲಿ ಉಳಿಯುವುದಿಲ್ಲ ಎಂದು ತಿಳಿಸಿಯಾಗಿತ್ತು. ಜುಲೈ ಮೊದಲ ವಾರ ಕಳೆಯುತ್ತಿದ್ದಂತೆ ಹಡಗು ಹತ್ತಿದರು. ಮುಂದಿನ ದಿನಗಳ ಬಗೆಗಿನ ಒಳಗಿನ ಹೊಯ್ದಾಟ ಹಡಗು ಹತ್ತಿದ ಮೇಲೆ ನಿಂತಿತು ಎಂದು ದಿನಚರಿ ದಾಖಲಿಸುತ್ತದೆ. ಆ ಹಡಗು ಹೊರಟಿದ್ದು ಅಪಾಯದ ಕಡೆಗೆ!

ನನಗೆ ಇಲ್ಲಿ ಮುಖ್ಯವೆನಿಸುವುದು ಅವರ ಧೈರ್ಯವಲ್ಲ. ಫಲಿತಾಂಶ ಏನಾಗುವುದೋ ಎಂಬ ಪ್ರಶ್ನೆಯನ್ನು ಅವರು ದೇವರಿಗೆ ಬಿಟ್ಟರು, ಇವತ್ತು ತಾನು ಎಲ್ಲಿರಬೇಕು ಎಂಬ ಪ್ರಶ್ನೆಯನ್ನಷ್ಟೇ ತಮ್ಮ ಬಳಿ ಉಳಿಸಿಕೊಂಡರು. ಚಿಂತೆ ಎರಡನ್ನೂ ಕಲಸಿ ಒಂದು ಮಾಡುತ್ತದೆ. ನನ್ನ ಕೈಯಲ್ಲಿ ಇಲ್ಲದ್ದನ್ನೇ ಉರು ಹೊಡೆಯುತ್ತ ಕೂತರೆ ಕೈಯಲ್ಲಿರುವುದನ್ನು ಮಾಡಲು ತ್ರಾಣವೇ ಉಳಿಯದು. ವಿಶ್ವಾಸ ಮಾಡುವ ಕೆಲಸ ಈ ಎರಡನ್ನು ಬಿಡಿಸಿಡುವುದು.

ಪ್ರಾಚೀನ ಗ್ರೀಕ್-ರೋಮನ್ ತತ್ವಜ್ಞಾನಿಗಳಾದ ಸ್ಟೋಯಿಕರು ಇದನ್ನು ದೇವರ ಮುಂದೆ ಮೊರೆಯಿಡದೆಯೇ ಸಾಧಿಸಲಿಲ್ಲವೇ ಎಂದು ಕೇಳಬಹುದು. ನಮ್ಮ ವಶದಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂಬ ವಿಂಗಡಣೆಯಿಂದಲೇ ಅವರಲ್ಲೊಬ್ಬನಾದ ಎಪಿಕ್ಟೆಟಸ್ ಶುರುಮಾಡುತ್ತಾನೆ. ಹೌದು, ಆದರೆ ವಶದಲ್ಲಿಲ್ಲದ್ದರ ಬಗ್ಗೆ ಮನಸ್ಸನ್ನು ಗಟ್ಟಿಮಾಡಿಕೊ ಎಂಬುದು ಅವನ ದಾರಿ. ಯೇಸುವಿನ ದಾರಿ ಬೇರೆ, ಗೆಳೆಯ ಲಾಜರನ ಸಮಾಧಿಯ ಮುಂದೆ ಅವರು ಅತ್ತರು. ಕೈಮೀರಿದ್ದರ ಬಗ್ಗೆ ಅಳಬಹುದು, ಬೇಡಬಹುದು, ದೂರಲೂಬಹುದು. ಕೀರ್ತನೆಗಳ ಪುಸ್ತಕದ ಉದ್ದಕ್ಕೂ ಇಂಥ ದೂರುಗಳಿವೆ. ಕೇಳುವವನು ಒಬ್ಬನಿದ್ದಾನೆ ಎಂಬ ನಂಬಿಕೆ ಇರುವುದರಿಂದಲೇ ಮನಸ್ಸನ್ನು ಕಲ್ಲು ಮಾಡಿಕೊಳ್ಳದೆ ಬಿಟ್ಟುಕೊಡಲು ಬರುತ್ತದೆ.

ಧರ್ಮ ಅಫೀಮು ಎಂಬ ಮಾರ್ಕ್ಸ್‌ನ ಆಕ್ಷೇಪ ಇದಕ್ಕಿಂತ ಗಟ್ಟಿ. ನೋವು ಮರೆಸುವ ಭಕ್ತಿ ಇದ್ದೇ ಇದೆ, ಅದರ ವ್ಯಾಪಾರವೂ ಜೋರಾಗಿದೆ. ಆದರೆ ಎಲ್ಲ ವಿಶ್ವಾಸವೂ ಅಂಥದ್ದಲ್ಲ. ಬೋನ್‌ಹಾಫರ್ 1943ರ ಏಪ್ರಿಲ್ 5ರಂದು ಸೆರೆಯಾಗಿ ಬರ್ಲಿನ್ನಿನ ಟೇಗಲ್ ಜೈಲು ಸೇರಿದರು. ಮರು ವರ್ಷದ ಜನವರಿಯ ಕಾಗದವೊಂದರಲ್ಲಿ ಒಂದು ಪ್ರಸಂಗ ಬರುತ್ತದೆ. ವಿಮಾನಗಳು ಬಾಂಬ್ ಸುರಿಸುತ್ತಿವೆ, ಕೈದಿಗಳು ನೆಲಕ್ಕೆ ಒರಗಿದ್ದಾರೆ. ಬೇರೆ ದಿನಗಳಲ್ಲಿ ಉಡಾಫೆಯ ಆಸಾಮಿಯಾದ ಒಬ್ಬ ‘ದೇವರೇ, ದೇವರೇ’ ಎಂದು ನರಳುತ್ತಾನೆ. ಧರ್ಮಬೋಧೆಗೆ ಇದಕ್ಕಿಂತ ಹದವಾದ ಸಮಯ ಉಂಟೇ? ಪಾದ್ರಿ ಬೋಧಿಸಲಿಲ್ಲ. ಗಡಿಯಾರ ನೋಡಿ, ಇನ್ನು ಹೆಚ್ಚೆಂದರೆ ಹತ್ತು ನಿಮಿಷ ಅಂದರು ಅಷ್ಟೆ. ಭಯದಲ್ಲಿರುವವನ ದೌರ್ಬಲ್ಯವನ್ನು ಬಳಸಿಕೊಂಡು ಅವನಿಗೆ ಧರ್ಮ ತುರುಕಬಾರದು ಎಂದು ಅವರಿಗೆ ಅನಿಸಿತ್ತು. ಅಫೀಮು ಮಾರುವವರ ನಡವಳಿಕೆ ಇದಲ್ಲ.

ಅವರನ್ನು 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಸಾವಿಗೆ ಮುಂಚೆ ಅವರು ಎಷ್ಟು ಪ್ರಶಾಂತರಾಗಿದ್ದರೆಂದು ಶಿಬಿರದ ವೈದ್ಯ ವರ್ಷಗಳ ನಂತರ ಬರೆದ ಹೇಳಿಕೆ ಪ್ರಸಂಗಗಳಲ್ಲಿ ಬಹಳ ಜನಪ್ರಿಯ. ಇತಿಹಾಸಕಾರರು ಅದನ್ನು ಅನುಮಾನಿಸುತ್ತಾರೆ, ನಾನೂ ಅದಕ್ಕೆ ಜೋತುಬೀಳುವುದಿಲ್ಲ. 1944ರಲ್ಲಿ ಜೈಲಿನಲ್ಲಿ ಅವರು ಬರೆದ ‘ನಾನು ಯಾರು’ ಎಂಬ ಕವಿತೆ ಹೆಚ್ಚು ನಂಬಿಕೆಗೆ ಅರ್ಹ. ಹೊರಗಿನವರ ಕಣ್ಣಿಗೆ ತಾನು ಸ್ಥಿತಪ್ರಜ್ಞ, ಒಳಗೆ ಮಾತ್ರ ಕಂಗಾಲು ಎಂದು ಅದರಲ್ಲಿ ಅವರೇ ಒಪ್ಪಿಕೊಳ್ಳುತ್ತಾರೆ. ಹಡಗಿನಲ್ಲಿ ಸಿಕ್ಕ ಸಮಾಧಾನ ಶಾಶ್ವತ ಆಸ್ತಿಯಾಗಿ ಉಳಿಯಲಿಲ್ಲ. ಪ್ರತಿದಿನವೂ ಹೊಸದಾಗಿ ಬೇಡಿ ಪಡೆಯಬೇಕಾಗಿತ್ತು, ಕೆಲವು ದಿನ ಸಿಗುತ್ತಲೂ ಇರಲಿಲ್ಲ.

ಬೇಡಿದರೂ ಸಿಗದೇ ಹೋದರೆ? ಚಿಂತೆ ಕಾಯಿಲೆಯ ಮಟ್ಟ ಮುಟ್ಟಿದ್ದರೆ ವೈದ್ಯರ ಬಳಿ ಹೋಗಬೇಕು, ಅದರಲ್ಲಿ ವಿಶ್ವಾಸಕ್ಕೆ ಯಾವ ಕುಂದೂ ಇಲ್ಲ. ಅದಲ್ಲದ ಒಂದು ಬರಡುತನವೂ ಉಂಟು. ಕೋಲ್ಕತ್ತದ ಮದರ್ ತೆರೇಸಾ ತಮ್ಮ ಧರ್ಮಗುರುಗಳಿಗೆ ಬರೆದ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಲೋಕ ಬೆರಗಾಯಿತು. ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯವೇ ಅನುಭವಕ್ಕೆ ಬಂದಿರಲಿಲ್ಲ. ಆ ಪತ್ರಗಳನ್ನು ನಾಶಮಾಡಿ ಎಂದು ಅವರು ಕೇಳಿಕೊಂಡಿದ್ದರು. ನಾಶಮಾಡಲಿಲ್ಲ, ಪ್ರಕಟಿಸಿದವರು ಅವರಿಗೆ ಸಂತಪದವಿ ಕೊಡಿಸುವ ಹೊಣೆ ಹೊತ್ತಿದ್ದ ಪಾದ್ರಿಯೇ. ಒಳಗಿನ ನೆಮ್ಮದಿಯೇ ವಿಶ್ವಾಸದ ಅಳತೆಗೋಲಾಗಿದ್ದರೆ ಅವರ ಕಡತ ಅಲ್ಲಿಗೇ ಮುಚ್ಚಬೇಕಿತ್ತು. ಕಥೋಲಿಕ ಧರ್ಮಸಭೆ ಆ ಪತ್ರಗಳನ್ನೆಲ್ಲ ಓದಿಯೇ 2016ರ ಸೆಪ್ಟೆಂಬರ್ 4ರಂದು ಅವರನ್ನು ಸಂತರೆಂದು ಘೋಷಿಸಿತು.