ಬೆಲೆಯೂ ಋಣವೂ

ಸಿಂಗಾಪುರದಲ್ಲಿ ರಾಫಲ್ಸ್ ಎಂಬ ವೈಭವದ ಹೋಟೆಲು 1887ರಲ್ಲಿ ತೆರೆಯಿತು. ಅಂಥ ಭೋಜನಶಾಲೆಗಳಿಗೆ ಇಂದು ನಮ್ಮ ಸೀಮೆಯ ಗೃಹಸ್ಥರೂ ವಿಹಾರಾರ್ಥವಾಗಿ ಹೋಗಿಬರುವುದುಂಟು. ದುಡಿದ ಹಣದಿಂದ ಸುಖಪಡುವುದು ದೋಷವೇ? ಅಲ್ಲ, ಪುರುಷಾರ್ಥಗಳಲ್ಲಿ ಕಾಮಕ್ಕೂ ಸ್ಥಾನವುಂಟು. ಆದರೆ ಹಣ ತೆತ್ತವನಿಗೆ ಅನ್ನವನ್ನು ಚೆಲ್ಲುವ ಅಧಿಕಾರವೂ ಬಂದಿತೆಂಬ ಭಾವನೆಯು ವಿಚಾರಾರ್ಹವಾದುದು.

ಆ ದ್ವೀಪವು ಅಕ್ಕಿಯನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ; ಬೆಳೆದವನ ಮುಖವು ಉಣ್ಣುವವನಿಗೆ ಕಾಣದು. ಸಾಲಗುಂದದ ಕಡೆಯವರಿಗಾದರೋ ಆ ಮುಖವು ಅಪರಿಚಿತವಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ, ಎಡದಂಡೆಯ ಕಾಲುವೆ ಬಂದ ಮೇಲೆ ಸಿಂಧನೂರು ಸೀಮೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದುವು. ಕಾಲುವೆಯ ಕೊನೆಯಂಚಿನ ರೈತನು ಇಂದಿಗೂ ನೀರಿಗಾಗಿ ಕಾಯುತ್ತಾನೆ.

ಬೆಲೆಯು ಹೋಟೆಲಿನ ಲೆಕ್ಕವನ್ನು ತೀರಿಸೀತು, ಕೆಸರಿನಲ್ಲಿ ನಿಂತವನ ಋಣವನ್ನು ತೀರಿಸದು. ಹಸಿವಿನಷ್ಟೇ ಬಡಿಸಿಕೊಂಡು, ಬಡಿಸಿಕೊಂಡುದನ್ನು ಉಳಿಸದೆ ಉಣ್ಣುವುದು ಆ ಋಣದ ಮೊದಲ ಕಂತು.