ಬೇಸಾಯ ಎಂಬ ಪದದ ಬೇಲಿ

ಬೇಸಾಯ ಎಂದರೇನು ಎಂದು ಹೊಲದಲ್ಲಿ ಕೆಲಸ ಮಾಡುತ್ತಿರುವ ರೈತರೊಬ್ಬರನ್ನು ಕೇಳಿದರೆ ಅವರು ನಕ್ಕು ಸುಮ್ಮನಾದಾರು. ಮಾಡುವವರಿಗೆ ಆ ಪ್ರಶ್ನೆ ಏಳುವುದಿಲ್ಲ. ಅದು ಏಳುವುದು ಸರ್ಕಾರ ತೆರಿಗೆ ಹಾಕಲು ಹೊರಟಾಗ, ಇಲ್ಲವೇ ನೆರೆಹೊರೆಯವರು ಕೋರ್ಟಿನ ಮೆಟ್ಟಿಲು ಹತ್ತಿದಾಗ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ‘ರೈಟ್ ಟು ಫಾರ್ಮ್’, ಅಂದರೆ ಬೇಸಾಯದ ಹಕ್ಕಿನ ಕಾನೂನುಗಳಿವೆ. ಅವುಗಳ ಸುತ್ತ ಬಂದ ತೀರ್ಪುಗಳನ್ನು ಓದುತ್ತ ಹೋದಂತೆ ನನ್ನನ್ನು ಒಂದು ಪ್ರಶ್ನೆ ಬಿಡದೆ ಕಾಡಿತು. ಒಂದು ಪದಕ್ಕೆ ಅರ್ಥ ನಿಗದಿ ಮಾಡುವ ಮೂಲಕ ಒಬ್ಬರ ಸಂಕಟವನ್ನು ಲೆಕ್ಕದಿಂದಲೇ ತೆಗೆದುಹಾಕಬಹುದೇ? ಹಾಗೆ ಮಾಡಿದರೆ ಅದು ನ್ಯಾಯವೇ?

ಈ ಜಗಳ ಹಳೆಯದು. 1610ರಲ್ಲಿ ಇಂಗ್ಲೆಂಡಿನಲ್ಲಿ ಆಲ್ಡ್ರೆಡ್ ಎಂಬಾತ ತನ್ನ ಮನೆಯ ಪಕ್ಕದಲ್ಲೇ ಹಂದಿಗೂಡು ಕಟ್ಟಿದ ನೆರೆಯವನ ಮೇಲೆ ದಾವೆ ಹೂಡಿದ. ಹಂದಿಯ ನಾತ ತಡೆಯಲಾರದಷ್ಟು ನಾಜೂಕಿನ ಮೂಗು ಇರಬಾರದು ಎಂಬುದು ಎದುರಾಳಿಯ ವಾದ. ಕೋರ್ಟು ಆಲ್ಡ್ರೆಡ್‌ನ ಪರವಾಗಿ ನಿಂತಿತು. ನಿನ್ನ ಜಾಗದಲ್ಲಿ ನೀನು ಏನು ಬೇಕಾದರೂ ಮಾಡು, ಆದರೆ ಅದರಿಂದ ಪಕ್ಕದವನ ಬದುಕು ಹಾಳಾಗಬಾರದು ಎಂಬುದು ಅಲ್ಲಿಂದ ಬೆಳೆದುಬಂದ ತತ್ತ್ವ. ಕಾನೂನಿನ ಭಾಷೆಯಲ್ಲಿ ಇದಕ್ಕೆ ‘ಉಪದ್ರವ’ ಎಂದು ಹೆಸರು. ಉಪದ್ರವ ಮೊದಲೇ ಇತ್ತು, ನೀನು ಆಮೇಲೆ ಬಂದೆ ಎಂದು ಹೇಳಿ ಪಾರಾಗುವಂತಿಲ್ಲ ಎಂಬುದನ್ನೂ ಇಂಗ್ಲೆಂಡಿನ ಕೋರ್ಟು 1879ರಲ್ಲಿ, ಒಬ್ಬ ಮಿಠಾಯಿ ತಯಾರಕ ಮತ್ತು ಒಬ್ಬ ವೈದ್ಯರ ನಡುವಿನ ಪ್ರಕರಣದಲ್ಲಿ ಹೇಳಿತು.

ಆದರೆ ನಮ್ಮ ಮನಸ್ಸು ಈ ಕೊನೆಯ ಮಾತನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಹೊರಗೆ 1956ರಿಂದಲೇ ದನಗಳನ್ನು ಕೂಡಿಹಾಕಿ ಕೊಬ್ಬಿಸುವ ಅಂಗಳಗಳಿದ್ದವು. ಬಳಿಕ ಡೆಲ್ ವೆಬ್ ಎಂಬ ಬಿಲ್ಡರ್ ಕಂಪನಿ ಅಲ್ಲಿ ಅಗ್ಗಕ್ಕೆ ಭೂಮಿ ಕೊಂಡು ನಿವೃತ್ತರಿಗಾಗಿ ‘ಸನ್ ಸಿಟಿ’ ಎಂಬ ಬಡಾವಣೆ ಕಟ್ಟುತ್ತ ಬಂತು. ಮನೆಗಳು ಅಂಗಳದ ಹತ್ತಿರ ಬಂದವು. ನೊಣ ಮತ್ತು ನಾತ ಮನೆಗಳ ಒಳಗೆ ಬಂದವು. 1972ರಲ್ಲಿ ಅರಿಜೋನಾದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಕಾನೂನು ವಿದ್ಯಾರ್ಥಿಗಳಿಗೆ ಇಂದಿಗೂ ಪಾಠ. ದನದ ಅಂಗಳ ಅಲ್ಲಿಂದ ಏಳಬೇಕು, ಆದರೆ ಏಳುವ ಖರ್ಚನ್ನು ಜನರನ್ನು ಅಲ್ಲಿಗೆ ಕರೆತಂದ ಬಿಲ್ಡರ್ ಕೊಡಬೇಕು. ಮನೆ ಕೊಂಡ ವೃದ್ಧರ ಆರೋಗ್ಯ, ಮೊದಲೇ ಇದ್ದವನ ನ್ಯಾಯ, ಲಾಭ ಮಾಡಿಕೊಂಡವನ ಹೊಣೆ, ಈ ಮೂರನ್ನೂ ತಕ್ಕಡಿಯಲ್ಲಿಟ್ಟು ತೂಗಿದ ತೀರ್ಪು ಅದು.

ಬೇಸಾಯದ ಹಕ್ಕಿನ ಕಾನೂನುಗಳು ಹುಟ್ಟಿದ್ದು ಇಂಥ ಭಯದಿಂದಲೇ. ಎಪ್ಪತ್ತರ ದಶಕದಲ್ಲಿ ಅಮೆರಿಕದ ನಗರಗಳು ಹೊಲಗಳ ಮೇಲೆ ಹಬ್ಬುತ್ತಿದ್ದವು. ಹಳ್ಳಿಯ ಚೆಲುವು ನೋಡಿ ಮನೆ ಕಟ್ಟಿದವರು ಆಮೇಲೆ ಗೊಬ್ಬರದ ವಾಸನೆ, ಟ್ರ್ಯಾಕ್ಟರಿನ ಸದ್ದು ಸಹಿಸಲಾರೆವೆಂದು ದಾವೆ ಹೂಡಿದರೆ ರೈತ ಏನು ಮಾಡಬೇಕು? ಇದಕ್ಕೆ ಉತ್ತರವಾಗಿ ಉತ್ತರ ಕ್ಯಾರೊಲಿನಾ ರಾಜ್ಯ 1979ರಲ್ಲಿ ಒಂದು ಕಾನೂನು ಮಾಡಿತು. ಹಲವು ರಾಜ್ಯಗಳು ಅದೇ ಜಾಡು ಹಿಡಿದವು. ಸಾರ ಇಷ್ಟು: ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಡೆದಿರುವ, ಆರಂಭದಲ್ಲಿ ಯಾರಿಗೂ ಉಪದ್ರವವಾಗಿರದ ಕೃಷಿ ಚಟುವಟಿಕೆ, ಸುತ್ತಲಿನ ಪರಿಸ್ಥಿತಿ ಬದಲಾಯಿತೆಂಬ ಕಾರಣಕ್ಕೆ ಉಪದ್ರವವಾಗಿಬಿಡುವುದಿಲ್ಲ. ಇಷ್ಟನ್ನು ಓದಿದಾಗ ನಾನು ಪೂರ್ತಿ ರೈತನ ಪಕ್ಷ. ಆಮೇಲೆ ಬಂದವನು ಕಣ್ಣಾರೆ ನೋಡಿ ಬಂದಿದ್ದಾನೆ, ಬಹುಶಃ ಆ ವಾಸನೆಯ ಕಾರಣಕ್ಕೇ ಕಡಿಮೆ ಬೆಲೆಗೆ ಜಾಗ ಕೊಂಡಿದ್ದಾನೆ. ಒಪ್ಪಿ ಬಂದ ಮೇಲೆ ತಕರಾರು ಸಲ್ಲದು.

ತೊಡಕು ಶುರುವಾಗುವುದು ಕಾನೂನಿನ ವ್ಯಾಖ್ಯೆಯಲ್ಲಿ. ‘ಕೃಷಿ ಚಟುವಟಿಕೆ’ ಎಂದರೆ ಬೆಳೆ, ಜಾನುವಾರು, ಕೋಳಿ ಇವುಗಳನ್ನು ವಾಣಿಜ್ಯ ಉದ್ದೇಶಕ್ಕೆ ಉತ್ಪಾದಿಸುವ ಯಾವುದೇ ಸೌಲಭ್ಯ ಎನ್ನುತ್ತದೆ ಉತ್ತರ ಕ್ಯಾರೊಲಿನಾದ ಕಾನೂನು. ಏನು ಉತ್ಪಾದಿಸುತ್ತೀರಿ ಎಂದಷ್ಟೇ ಅದು ಕೇಳುತ್ತದೆ. ಹೇಗೆ, ಎಷ್ಟು, ಯಾರು ಎಂದು ಕೇಳುವುದಿಲ್ಲ. ಐದು ಹಂದಿ ಸಾಕುವವನೂ ಐದು ಸಾವಿರ ಹಂದಿ ಸಾಕುವ ಕಂಪನಿಯೂ ಈ ವ್ಯಾಖ್ಯೆಯೊಳಗೆ ಸರಿಸಮ.

ಇದರ ಪರಿಣಾಮವನ್ನು ಇಂಡಿಯಾನಾ ರಾಜ್ಯದ ಒಂದು ಪ್ರಕರಣ ಸ್ಪಷ್ಟವಾಗಿ ತೋರಿಸುತ್ತದೆ. ದಶಕಗಳಿಂದ ಹಳ್ಳಿಯಲ್ಲೇ ಬದುಕಿದ್ದ, ಸ್ವತಃ ಬೇಸಾಯ ಮಾಡಿದ್ದ ಹಿರಿಯರ ಮನೆಯ ಹತ್ತಿರ 2013ರಲ್ಲಿ ಎಂಟು ಸಾವಿರ ಹಂದಿಗಳ ಕೊಟ್ಟಿಗೆಗಳು ಎದ್ದವು. ಹಂದಿಗಳಿಗಿಂತ ಎಷ್ಟೋ ಮೊದಲು ಅಲ್ಲಿದ್ದವರು ಅವರು. ನಾತಕ್ಕೆ ಹೆದರುವ ಪೇಟೆಯವರೂ ಅಲ್ಲ. ಅವರು ದಾವೆ ಹೂಡಿದರು. 2019ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ದಾವೆಯನ್ನು ಎತ್ತಿಹಿಡಿಯಲಿಲ್ಲ. ಕೊಟ್ಟಿಗೆ ಎದ್ದ ನೆಲದಲ್ಲಿ 1941ರಿಂದಲೇ ಬೆಳೆ ಬೆಳೆಯುತ್ತಿದ್ದರು. ಬೆಳೆಯೂ ಕೃಷಿ, ಹಂದಿಯೂ ಕೃಷಿ. ಒಂದು ಬಗೆಯ ಕೃಷಿಯಿಂದ ಇನ್ನೊಂದು ಬಗೆಗೆ ಹೊರಳುವುದನ್ನು ಆ ರಾಜ್ಯದ ಕಾನೂನು ಗಣನೀಯ ಬದಲಾವಣೆ ಎಂದು ಎಣಿಸುವುದಿಲ್ಲ. ಹಾಗಾಗಿ ‘ಕೃಷಿ’ಯೇ ಮೊದಲು ಬಂದಂತಾಯಿತು.

ಇಲ್ಲಿ ನಡೆದಿರುವುದನ್ನು ನಿಧಾನವಾಗಿ ಬಿಡಿಸಿ ನೋಡಬೇಕು. ‘ನಾನು ಮೊದಲು ಬಂದೆ’ ಎಂಬ ಮಾತಿಗೆ ನೈತಿಕ ಬಲ ಬರುವುದು ಎರಡನೆಯವನು ಗೊತ್ತಿದ್ದು ಬಂದ ಎಂಬುದರಿಂದ. ಆ ಹಿರಿಯರು ಜೋಳದ ಹೊಲದ ಪಕ್ಕ ಬದುಕಲು ಒಪ್ಪಿದ್ದರು. ಎಂಟು ಸಾವಿರ ಹಂದಿಗಳ ಪಕ್ಕ ಬದುಕಲು ಒಪ್ಪಿರಲಿಲ್ಲ. ಜೋಳವನ್ನೂ ಹಂದಿಯನ್ನೂ ಒಂದೇ ಪದದ ಕೆಳಗೆ ತಂದೊಡನೆ, ಜೋಳಕ್ಕೆ ಕೊಟ್ಟ ಒಪ್ಪಿಗೆ ಹಂದಿಗೂ ವರ್ಗವಾಗಿಬಿಟ್ಟಿತು. ಅವರ ಕೈಯಿಂದ ಯಾರೂ ಸಹಿ ಹಾಕಿಸಿಕೊಳ್ಳಲಿಲ್ಲ, ವ್ಯಾಖ್ಯೆಯೇ ಅವರ ಪರವಾಗಿ ಸಹಿ ಹಾಕಿತು. ಅಯೋವಾ ರಾಜ್ಯದ ಸುಪ್ರೀಂ ಕೋರ್ಟು 1998ರಲ್ಲಿ ಇಂಥದೇ ಒಂದು ರಕ್ಷಣೆಯನ್ನು ಅಸಾಂವಿಧಾನಿಕ ಎಂದಿತ್ತು. ನೆರೆಯವರ ಜಮೀನಿನ ಮೇಲೆ ಉಪದ್ರವ ಹರಿಯಬಿಡುವ ಹಕ್ಕನ್ನು ಕೊಡುವುದೆಂದರೆ, ಪರಿಹಾರ ಕೊಡದೆ ಅವರ ಆಸ್ತಿಯ ಒಂದು ಪಾಲನ್ನು ಕಿತ್ತುಕೊಂಡಂತೆ ಎಂಬುದು ಅದರ ತರ್ಕ. ನನಗೆ ಅದು ಸರಿಯಾದ ಮಾತು ಎನ್ನಿಸುತ್ತದೆ.

ಉತ್ತರ ಕ್ಯಾರೊಲಿನಾಕ್ಕೆ ಮರಳೋಣ. ಆ ರಾಜ್ಯದ ಪೂರ್ವ ಭಾಗದ ಡುಪ್ಲಿನ್, ಸ್ಯಾಂಪ್ಸನ್ ಕೌಂಟಿಗಳಲ್ಲಿ ಜನರಿಗಿಂತ ಹಂದಿಗಳೇ ಹೆಚ್ಚು. ಹಂದಿಗಳ ಮಲಮೂತ್ರವನ್ನು ಬಯಲ ಹೊಂಡಗಳಲ್ಲಿ ತುಂಬಿಸಿ, ನೀರಾದ ಭಾಗವನ್ನು ಹೊಲಗಳ ಮೇಲೆ ಸಿಂಪಡಿಸುತ್ತಾರೆ. 2014ರಲ್ಲಿ ಸುಮಾರು ಐನೂರು ನೆರೆಹೊರೆಯವರು ಸ್ಮಿತ್‌ಫೀಲ್ಡ್ ಎಂಬ ಮಾಂಸದ ಕಂಪನಿಯ ಅಂಗಸಂಸ್ಥೆಯ ಮೇಲೆ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಅವರಲ್ಲಿ ಹೆಚ್ಚಿನವರು ಕಪ್ಪುಜನ, ಹಲವರದು ತಲೆಮಾರುಗಳಿಂದ ಅದೇ ನೆಲ. ದಾವೆ ಹೂಡಿದವರು ಆಮೇಲೆ ಬಂದವರಲ್ಲ, ಹಾಗಾಗಿ ಬೇಸಾಯದ ಹಕ್ಕಿನ ಕಾನೂನು ಇಲ್ಲಿ ಅಡ್ಡ ಬರುವುದಿಲ್ಲ ಎಂದು ನ್ಯಾಯಾಧೀಶರು 2017ರಲ್ಲಿ ಹೇಳಿದರು. 2018ರ ಏಪ್ರಿಲ್‌ನಲ್ಲಿ ಮೊದಲ ಪ್ರಕರಣದ ಜ್ಯೂರಿ ಹತ್ತು ಜನರಿಗೆ ಐದು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕೆಂದಿತು. ದಂಡರೂಪದ ಪರಿಹಾರಕ್ಕೆ ರಾಜ್ಯದಲ್ಲಿರುವ ಮಿತಿಯಿಂದಾಗಿ ಅದು ಸುಮಾರು 32 ಲಕ್ಷ ಡಾಲರಿಗೆ ಇಳಿಯಿತು.

ಶಾಸನಸಭೆ ಇದಕ್ಕೆ ಉತ್ತರ ಕೊಟ್ಟ ಬಗೆ ಗಮನಿಸಬೇಕಾದದ್ದು. ಒಡೆತನ ಬದಲಾದರೂ ಗಾತ್ರ ಬೆಳೆದರೂ ಹೊಸ ತಂತ್ರಜ್ಞಾನ ಬಂದರೂ ಬೆಳೆಯುವ ವಸ್ತುವೇ ಬದಲಾದರೂ ಅದು ‘ಮೂಲಭೂತ ಬದಲಾವಣೆ’ ಅಲ್ಲ ಎಂದು 2013ರಲ್ಲೇ ಬರೆದಾಗಿತ್ತು. 2018ರಲ್ಲಿ, ಮೊದಲ ತೀರ್ಪಿನ ಬೆನ್ನಿಗೇ, ಇನ್ನೊಂದು ಬೇಲಿ ಹಾಕಿದರು. ಅರ್ಧ ಮೈಲಿಯೊಳಗಿನವರು ಮಾತ್ರ, ಕೇಂದ್ರ ಆರಂಭವಾದ ಅಥವಾ ಮೂಲಭೂತವಾಗಿ ಬದಲಾದ ಒಂದು ವರ್ಷದೊಳಗೆ ಮಾತ್ರ ದಾವೆ ಹೂಡಬಹುದು. ರಾಜ್ಯಪಾಲರು ತಡೆದರೂ ಶಾಸನಸಭೆ ಅದನ್ನು ಮೀರಿ ಕಾನೂನು ಮಾಡಿತು. ಗಾತ್ರವೂ ಬದಲಾಗಿ, ಒಡೆಯನೂ ಬದಲಾಗಿ, ಸಾಕುವ ಜೀವಿಯೂ ಬದಲಾದ ಮೇಲೆ ಬದಲಾಗದೆ ಉಳಿಯುವುದು ಏನು? ನನಗೆ ಕಾಣುವಂತೆ, ಹೆಸರೊಂದೇ.

ಹಾಗಿದ್ದರೆ ನಿಜವಾದ ಬೇಸಾಯಕ್ಕೆ ಸರಿಯಾದ ವ್ಯಾಖ್ಯೆ ಬರೆದರೆ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. ನನಗೂ ಮೊದಲು ಆ ಆಸೆ ಹುಟ್ಟುತ್ತದೆ. ಚಿಕ್ಕ ಹಿಡುವಳಿ, ಸ್ವಂತ ದುಡಿಮೆ, ಮಣ್ಣಿನ ನಂಟು ಎಂದು ಪಟ್ಟಿ ಮಾಡಬಹುದು. ಆದರೆ ಈ ದಾರಿಯಲ್ಲೂ ಮುಳ್ಳಿದೆ. ಆ ಹಂದಿ ಕೊಟ್ಟಿಗೆಗಳನ್ನು ನಡೆಸುವವರಲ್ಲಿ ಅನೇಕರು ಗುತ್ತಿಗೆಯವರು. ಹಂದಿ ಕಂಪನಿಯದು, ಕೊಟ್ಟಿಗೆಯ ಸಾಲ ಮತ್ತು ಮಲಮೂತ್ರದ ಹೊಣೆ ಇವರದು. ಅವರೂ ಅದೇ ನಾತದಲ್ಲಿ ಬದುಕುತ್ತಾರೆ, ತಮ್ಮನ್ನು ರೈತರು ಎಂದೇ ಕರೆದುಕೊಳ್ಳುತ್ತಾರೆ. ‘ನೀನು ರೈತನಲ್ಲ’ ಎಂದು ಅವರಿಗೆ ಹೇಳಲು ನನಗೆ ಯಾವ ಅಧಿಕಾರವಿದೆ? ಇನ್ನೊಂದು ಕಡೆ, ಚಿಕ್ಕ ರೈತನ ಹಂದಿಯೂ ನಾರುತ್ತದೆ. ಆಲ್ಡ್ರೆಡ್‌ನ ನೆರೆಯವನು ದೊಡ್ಡ ಕಂಪನಿಯೇನೂ ಆಗಿರಲಿಲ್ಲ.

‘ವಾಣಿಜ್ಯ’ ಎಂಬ ಪದವನ್ನೇ ನೋಡಿ. ಮಿಷಿಗನ್ ರಾಜ್ಯದ 1981ರ ಕಾನೂನು ಮಾರಾಟಕ್ಕಾಗಿ ಬೆಳೆಯುವುದನ್ನು ಮಾತ್ರ ಫಾರ್ಮ್ ಎನ್ನುತ್ತದೆ. ಅಂದರೆ ಮನೆಮಂದಿಯ ಹೊಟ್ಟೆಗೆಂದೇ ಸೊಪ್ಪು ಬೆಳೆದು ನಾಲ್ಕು ಕೋಳಿ ಸಾಕುವ ಹೆಂಗಸು ಅದರ ಲೆಕ್ಕದಲ್ಲಿ ಬೇಸಾಯಗಾರಳೇ ಅಲ್ಲ. ನಾಲ್ಕು ಮೊಟ್ಟೆ ಮಾರಿದರೆ ಆಗಬಹುದು. ಮನುಷ್ಯರು ಸಾವಿರಾರು ವರ್ಷ ಬೇಸಾಯ ಮಾಡಿದ್ದು ಉಣ್ಣುವುದಕ್ಕೆ. ಕಾನೂನು ಕಾಯುವುದು ಮಾರುವುದನ್ನು. ಇದಕ್ಕೆ ತದ್ವಿರುದ್ಧವಾಗಿ ಮೇನ್ ರಾಜ್ಯದ ಜನ 2021ರಲ್ಲಿ ತಮ್ಮ ಸಂವಿಧಾನಕ್ಕೆ ಆಹಾರದ ಹಕ್ಕನ್ನು ಸೇರಿಸಿದರು. ತನಗೆ ಬೇಕಾದ ಆಹಾರವನ್ನು ಬೆಳೆದು ಉಣ್ಣುವುದು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ ಅದು. ಮಿಸ್ಸೌರಿ ರಾಜ್ಯ 2014ರಲ್ಲಿ ಬೇಸಾಯದ ಹಕ್ಕನ್ನೇ ಸಂವಿಧಾನಕ್ಕೆ ಸೇರಿಸಿತು. ಮನೆಯೊಳಗೆ ಗಾಂಜಾ ಬೆಳೆದು ಸಿಕ್ಕಿಬಿದ್ದವನೊಬ್ಬ ‘ನಾನೂ ಬೇಸಾಯಗಾರ’ ಎಂದು ವಾದಿಸಿದ. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ನಗು ಬರುವ ವಾದ ನಿಜ, ಆದರೆ ಗಿಡ ನೆಟ್ಟು ನೀರೆರೆದು ಬೆಳೆಸುವುದು ಬೇಸಾಯವಲ್ಲದೆ ಇನ್ನೇನು ಎಂದು ಅವನು ಕೇಳಿದರೆ ನಿಘಂಟು ಅವನ ಪರವೇ ಇದೆ.

ನಮ್ಮಲ್ಲೂ ಈ ಪದ ಕಾಯಂ ಒಂದೇ ಜಾಗದಲ್ಲಿ ನಿಂತಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ಭಾರತದ ಸುಪ್ರೀಂ ಕೋರ್ಟು 1957ರಲ್ಲಿ ಕೃಷಿ ಎಂದರೇನೆಂದು ವಿವರವಾಗಿ ಚರ್ಚಿಸಿತು. ಉಳುವುದು, ಬಿತ್ತುವುದು, ನೆಡುವುದು ಹೀಗೆ ನೆಲದ ಮೇಲೆ ಮನುಷ್ಯನ ಶ್ರಮ ಬೀಳಬೇಕು. ನೆಲದೊಂದಿಗೆ ದೂರದ ನಂಟಿದೆ ಎಂದ ಮಾತ್ರಕ್ಕೆ ಎಲ್ಲವೂ ಕೃಷಿಯಲ್ಲ ಎಂದಿತು. ಆದರೆ ಕರ್ನಾಟಕ ಭೂಸುಧಾರಣಾ ಕಾಯ್ದೆಯ ‘ಕೃಷಿ’ಯಲ್ಲಿ ಹೈನುಗಾರಿಕೆ, ಕೋಳಿ ಸಾಕಣೆ, ಜಾನುವಾರು ತಳಿ ಸಾಕಣೆ ಎಲ್ಲವೂ ಸೇರಿವೆ. ಅದೇ ಕೋಳಿ ಭೂಮಿಯ ಕಾಯ್ದೆಯಲ್ಲಿ ಕೃಷಿ, ತೆರಿಗೆಯ ಕಾಯ್ದೆಯಲ್ಲಿ ಅಲ್ಲ. ಇದರಲ್ಲಿ ಅಸಂಬದ್ಧ ಏನೂ ಇಲ್ಲ. ವ್ಯಾಖ್ಯೆ ಎಂಬುದು ಒಂದು ಕೆಲಸಕ್ಕಾಗಿ ಮಾಡಿಕೊಂಡ ಸಲಕರಣೆ. ಯಾವ ಕೆಲಸಕ್ಕೆ ಎಂದು ಮರೆತಾಗ ಮಾತ್ರ ಅದು ಕೈ ಕೊಯ್ಯುತ್ತದೆ.

ಬೇಸಾಯದ ಹಕ್ಕಿನ ಕಾನೂನು ಮರೆತದ್ದು ಇದನ್ನೇ. ಆಮೇಲೆ ಬಂದವರ ತಕರಾರಿನಿಂದ ರೈತನನ್ನು ಕಾಯುವುದಕ್ಕೆ ಮಾಡಿದ ಸಲಕರಣೆಯನ್ನು, ಮೊದಲೇ ಇದ್ದವರ ಬಾಯಿ ಮುಚ್ಚಿಸುವುದಕ್ಕೆ ಬಳಸಲಾಯಿತು. ಅದು ಸಾಧ್ಯವಾದದ್ದು ಆ ಪದದ ಮೇಲೆ ನಮಗಿರುವ ಗೌರವದಿಂದ. ಅನ್ನದಾತ ಎಂದು ನಾವು ಕರೆಯುತ್ತೇವೆ. ಎಲ್ಲ ನಾಡುಗಳಲ್ಲೂ ಇಂಥದೊಂದು ಮಾತಿದೆ. ಬಿಸಿಲು, ಬರ, ಸಾಲಗಳ ನಡುವೆ ದುಡಿದವರು ಗಳಿಸಿಟ್ಟ ಗೌರವ ಅದು. ಅದೇ ಹೆಸರನ್ನು ತಗಲಿಸಿಕೊಂಡ ಯಾರು ಬೇಕಾದರೂ ಆ ಗೌರವವನ್ನು ಖರ್ಚು ಮಾಡಬಹುದು ಎಂದಾದರೆ, ಕೊನೆಗೆ ಬರಿದಾಗುವುದು ಅದನ್ನು ಗಳಿಸಿದವರ ಖಾತೆ.

ಆದ್ದರಿಂದ ‘ಬೇಸಾಯ ಎಂದರೇನು’ ಎಂಬ ಪ್ರಶ್ನೆಯಿಂದ ಇಂಥ ವ್ಯಾಜ್ಯಗಳನ್ನು ಬಗೆಹರಿಸಲು ಹೊರಡುವುದೇ ದಾರಿ ತಪ್ಪಿದ ನಡೆ ಎಂಬುದು ನನ್ನ ನಿಲುವು. ಉತ್ತರ ಎಷ್ಟೇ ಒಳ್ಳೆಯದಿದ್ದರೂ ಅದು ಪಕ್ಕದ ಮನೆಯವರಿಗೆ ಏನಾಗುತ್ತಿದೆ ಎಂದು ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಸರಳ. ಈ ನಿರ್ದಿಷ್ಟ ಹೊರೆ, ಈ ಹೊಂಡ, ಈ ನಾತ, ಇದು ಯಾವಾಗ ಬಂತು? ಆಗ ಪಕ್ಕದಲ್ಲಿ ಯಾರಿದ್ದರು? ಅವರನ್ನು ಯಾರಾದರೂ ಕೇಳಿದರೇ? ಇದರಿಂದ ಲಾಭ ಯಾರಿಗೆ, ಮತ್ತು ಹೊರೆ ಇಳಿಸುವ ಶಕ್ತಿ ಯಾರಿಗಿದೆ? ಅರಿಜೋನಾದ ಕೋರ್ಟು 1972ರಲ್ಲಿ ಕೇಳಿದ್ದು ಹೆಚ್ಚುಕಡಿಮೆ ಇವನ್ನೇ. ಈ ಪ್ರಶ್ನೆಗಳಿಂದ ಚಿಕ್ಕ ರೈತ ಸೋಲುವುದಿಲ್ಲ. ಅವನ ಹೊಲದ ಪಕ್ಕ ಹೊಸ ಬಡಾವಣೆ ಎದ್ದಾಗ ಇವೇ ಅವನನ್ನು ಕಾಯುತ್ತವೆ. ಅಗ್ಗದ ಮಾಂಸ ಬೇಕಲ್ಲವೇ ಎಂದರೆ, ಬೇಕಿರಬಹುದು. ಆದರೆ ಅದರ ಬೆಲೆಯನ್ನು ತಿನ್ನುವ ಎಲ್ಲರೂ ಹಂಚಿಕೊಳ್ಳಲಿ. ಹೊಂಡದ ಪಕ್ಕ ಬಟ್ಟೆ ಒಣಹಾಕಲಾಗದೆ, ಕಿಟಕಿ ತೆರೆಯಲಾಗದೆ ಕೂತಿರುವ ಒಂದು ಮನೆಯವರು ಮಾತ್ರ ಅದನ್ನು ತೆರಬೇಕು ಎನ್ನಲು ಬೇಸಾಯ ಎಂಬ ಪದ ಸಾಕಾಗುವುದಿಲ್ಲ.