ಸಂಬಳದ ಪಟ್ಟಿ ಮಾಡುವವರಿಗೆ

ಬಿ.ಕಾಂ. ಮುಗಿಸಿ ಪೀಣ್ಯದ ಕಾರ್ಖಾನೆಗೋ ಹುಬ್ಬಳ್ಳಿಯ ಆಸ್ಪತ್ರೆಗೋ ಅಕೌಂಟ್ಸ್ ಸಹಾಯಕರಾಗಿ ಸೇರುವ ಹುಡುಗ ಹುಡುಗಿಯರ ಕೈಗೆ ಬೇಗನೆ ಬರುವ ಕೆಲಸ ಸಂಬಳದ್ದು. ಹಾಜರಿ ನೋಡು, ರಜೆ ಲೆಕ್ಕ ಹಾಕು, ಓಟಿ ಸೇರಿಸು, ಪಿಎಫ್ ಕಳೆ. ಕೆಲವೇ ತಿಂಗಳಲ್ಲಿ ಕೈ ಪಳಗುತ್ತದೆ. ಎಚ್ಚರ ಹೆಚ್ಚು ಬೇಕಾಗುವುದು ಆಗಲೇ. ಕೂಡಿಸಿ ಕಳೆಯುವ ತಪ್ಪನ್ನು ಸಾಫ್ಟ್‌ವೇರ್ ತಡೆಯುತ್ತದೆ. ಹೆಸರು, ತಾರೀಖು, ಹಾಜರಿ ದಿನಗಳನ್ನು ನಾವು ತಪ್ಪಾಗಿ ತುಂಬಿಸಿದರೆ ಅದು ಅದನ್ನೇ ಸರಿಯೆಂದು ಒಪ್ಪಿಕೊಳ್ಳುತ್ತದೆ.

ನಮ್ಮ ಕಡೆಯ ಹೆಸರುಗಳನ್ನೇ ನೋಡಿ. ಒಬ್ಬರೇ ಮನುಷ್ಯ ಆಧಾರ್‌ನಲ್ಲಿ ಮಂಜುನಾಥ ಎಚ್.ಆರ್., ಬ್ಯಾಂಕಿನಲ್ಲಿ ಎಚ್.ಆರ್. ಮಂಜುನಾಥ್, ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಮಂಜುನಾಥ. ಇನಿಷಿಯಲ್ಲು ಊರಿನದೋ ತಂದೆಯದೋ ಎಂದು ಕೇಳದೆ ಬಾಯಲ್ಲಿ ಹೇಳಿದ್ದನ್ನೇ ಟೈಪ್ ಮಾಡಿದರೂ ಆ ತಿಂಗಳ ಸಂಬಳ ಸಲೀಸಾಗಿ ಹೋಗುತ್ತದೆ. ತೊಂದರೆ ಗೊತ್ತಾಗುವುದು ವರ್ಷಗಳ ಮೇಲೆ, ಮಗಳ ಮದುವೆಗೆಂದು ಪಿಎಫ್ ಹಣಕ್ಕೆ ಅರ್ಜಿ ಹಾಕಿದಾಗ. ಹೆಸರು ಹೊಂದುತ್ತಿಲ್ಲವೆಂದು ಕ್ಲೇಮ್ ರಿಜೆಕ್ಟ್ ಆಗುತ್ತದೆ. ಅಷ್ಟರಲ್ಲಿ ಟೈಪ್ ಮಾಡಿದವರು ಬೇರೆ ಕಂಪನಿಯಲ್ಲಿರುತ್ತಾರೆ. ಈಗ ಯುಎಎನ್ ಆಧಾರ್ ಮೂಲಕವೇ ಸಿಗುವುದರಿಂದ ಈ ಪಾಡು ಕಡಿಮೆಯಾಗಿದೆ, ಹಳೆಯ ಖಾತೆಗಳಲ್ಲಿ ಇನ್ನೂ ಇದೆ. ಆದ್ದರಿಂದ ದಾಖಲೆ ಕಣ್ಣೆದುರಿಗಿಲ್ಲದೆ ಒಂದು ಅಕ್ಷರವನ್ನೂ ತುಂಬಬೇಡಿ. ಎಷ್ಟೇ ಗಡಿಬಿಡಿಯಿದ್ದರೂ ಈ ಅಭ್ಯಾಸ ಬಿಡಬೇಡಿ.

ಪಿಎಫ್ ಎಂದರೆ ದುಡಿಯುವವರಿಗೆ ಏನು ಎಂಬುದನ್ನು ಬೆಂಗಳೂರು 2016ರ ಏಪ್ರಿಲ್‌ನಲ್ಲಿ ಕಂಡಿತು. ಮಾಲೀಕರ ಪಾಲಿನ ವಂತಿಗೆಯನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನೇ ಕೈಬಿಟ್ಟಿತು. ನಾವು ಶೇ. 12 ಎಂದು ಕಳೆಯುವ ಸಾಲಿನ ಹಿಂದೆ ಇಂಥ ಬದುಕುಗಳಿವೆ.

ಹಾಜರಿಯೂ ಅಷ್ಟೇ. ಇಎಸ್‌ಐನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಆರಾರು ತಿಂಗಳ ವಂತಿಗೆ ಅವಧಿಗಳಿವೆ. ಒಂದು ಅವಧಿಯಲ್ಲಿ 78 ದಿನಗಳ ವಂತಿಗೆ ಇದ್ದರೆ ಮಾತ್ರ ಅದಕ್ಕೆ ಸೇರಿದ ಮುಂದಿನ ಅವಧಿಯಲ್ಲಿ ಕಾಯಿಲೆ ಭತ್ಯೆ ಸಿಗುತ್ತದೆ. ಬಂದ ದಿನವನ್ನು ಗೈರುಹಾಜರಿ ಎಂದು ಬರೆದರೆ ಹೋಗುವುದು ಒಂದು ದಿನದ ಕೂಲಿ ಮಾತ್ರವಲ್ಲ. ಮಸ್ಟರ್‌ನಲ್ಲಿ ಖಾಲಿ ಕಂಡರೆ ಎಲ್‌ಒಪಿ ಹಾಕುವ ಮೊದಲು ಸೂಪರ್‌ವೈಸರಿಗೆ ಒಂದು ಫೋನ್ ಮಾಡಿ.

ಕಟ್ಟುವ ತಾರೀಖುಗಳು ಬಾಯಿಪಾಠವಾಗಿರಲಿ: ಟಿಡಿಎಸ್ 7, ಪಿಎಫ್ ಮತ್ತು ಇಎಸ್‌ಐ 15, ವೃತ್ತಿ ತೆರಿಗೆ 20. ಕೊನೆಯ ದಿನ ಪೋರ್ಟಲ್ ತೆರೆದುಕೊಳ್ಳುತ್ತದೆಂದು ನಂಬಬೇಡಿ.

ಇನ್ನು ಮಾತಿನ ವಿಷಯ. ಎಲ್ಲರ ಸಂಬಳ ಗೊತ್ತಿರುವವರನ್ನು ಟೀ ಹೊತ್ತಿನಲ್ಲಿ ಸ್ನೇಹಿತರು ಕೇಳಿಯೇ ಕೇಳುತ್ತಾರೆ, ‘ಅವರಿಗೆಷ್ಟು ಹೈಕ್ ಆಯ್ತು?’ ‘ಅದನ್ನ ನನ್ನ ಹತ್ತಿರ ಕೇಳ್ಬೇಡಿ’ ಎಂದು ಮೊದಲ ಸಲವೇ ಹೇಳಿಬಿಟ್ಟರೆ ಮುಂದೆ ಯಾರೂ ಕೇಳುವುದಿಲ್ಲ. ಆದರೆ ತನ್ನದೇ ಪೇ ಸ್ಲಿಪ್ ಹಿಡಿದು ಬಂದವರಿಗೆ ಬಾಯಿ ಬಿಗಿಯಬಾರದು. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಮತ್ತು ಮೇಲ್ಪಟ್ಟ ಸಂಬಳಕ್ಕೆ ವೃತ್ತಿ ತೆರಿಗೆ 200 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಬಂದ ಬದಲಾವಣೆಯಂತೆ ಫೆಬ್ರವರಿಗೆ ಮಾತ್ರ 300. ‘ಮೇಡಂ, ಈ ಸಲ ನೂರು ರೂಪಾಯಿ ಜಾಸ್ತಿ ಹಿಡಿದಿದ್ದೀರಲ್ಲ?’ ಎಂದು ಕೇಳುವವರಿಗೆ ‘ಸಿಸ್ಟಂ ಹಿಡಿದಿದೆ’ ಎನ್ನುವುದು ಉತ್ತರವಲ್ಲ. ಕುರ್ಚಿ ಎಳೆದು ಕೂರಿಸಿ, ಸಾಲು ಸಾಲಾಗಿ ತೋರಿಸಿ. ನೂರು ರೂಪಾಯಿಯ ಲೆಕ್ಕ ಕೇಳುವುದು ಅವರ ಹಕ್ಕು.

ಕೆಲಸ ಬಿಟ್ಟು ಹೋದವರನ್ನೂ ಮರೆಯಬೇಡಿ. ಪಿಎಫ್ ಪೋರ್ಟಲ್‌ನಲ್ಲಿ ಅವರು ಬಿಟ್ಟ ತಾರೀಖು ದಾಖಲಾಗದಿದ್ದರೆ ಹಣ ವರ್ಗಾಯಿಸಲು, ತೆಗೆಯಲು ಅವರು ಪರದಾಡುತ್ತಾರೆ. ಆಗ ವಿಚಾರಿಸಲು ಅವರಿಗೆ ಹಳೆಯ ಆಫೀಸಿನಲ್ಲಿ ಗುರುತಿನವರೂ ಇರುವುದಿಲ್ಲ. ಕೊನೆಯ ಲೆಕ್ಕ ಚುಕ್ತಾ ಮಾಡುವಾಗಲೇ ಆ ತಾರೀಖನ್ನೂ ಹಾಕಲು ಮರೆಯಬೇಡಿ.